ಊಟದ ಹಾಲ್ ಕಟ್ಟುವ ಮುಂಚೆ ಸಿಂಕ್ ಎಲ್ಲಿ ಅಂತ ಕೇಳಿ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಸುತ್ತಮುತ್ತ ವಯಸ್ಸಾದವರಿಗೆ ಅಂತಲೇ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ಜಾಹೀರಾತು ನೋಡಿರುತ್ತೀರಿ. ಅದರಲ್ಲಿ ಊಟದ ಹಾಲ್‌ನ ಫೋಟೊ ಇದ್ದೇ ಇರುತ್ತದೆ. ಥಳಥಳ ಹೊಳೆಯುವ ನೆಲ, ಗಾಜಿನ ಟೇಬಲ್, ಬಿಳೀ ತಟ್ಟೆ. ದೊಡ್ಡ ಹೋಟೆಲ್ ಥರ ಕಾಣಬೇಕು ಅನ್ನುವ ಆಸೆ. ನನ್ನ ತಕರಾರು ಇರುವುದೇ ಅಲ್ಲಿ. ಹೋಟೆಲಿಗೆ ನಾವು ಯಾವಾಗಲೋ ಒಮ್ಮೆ ಹೋಗುತ್ತೇವೆ. ಇಲ್ಲಿ ಎಪ್ಪತ್ತು, ಎಂಬತ್ತು ದಾಟಿದವರು ದಿನಕ್ಕೆ ಮೂರು ಸಲ ನಡೆದು ಬರಬೇಕು, ಕೂರಬೇಕು, ಎದ್ದು ಹೋಗಬೇಕು.

ಎಲ್ಲಕ್ಕಿಂತ ಮೊದಲು ಕೈ ತೊಳೆಯುವ ಜಾಗ. ಹೊರದೇಶದ ನಕ್ಷೆ ನೋಡಿ ಮಾಡಿದ ಕಡೆ ಸಿಂಕ್ ಎಲ್ಲೋ ಕಾರಿಡಾರಿನ ತುದಿಯಲ್ಲಿ, ಟಾಯ್ಲೆಟ್ ಪಕ್ಕ ಇರುತ್ತದೆ. ಚಮಚದಲ್ಲಿ ತಿನ್ನುವವರಿಗೆ ಅದು ನಡೆಯುತ್ತದೆ. ನಾವು ಸಾರನ್ನ ಕಲಸಿ ತಿನ್ನುವವರು, ಅಲ್ವಾ? ಎಂಜಲು ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿಕೊಂಡು ಎದ್ದ ಅಜ್ಜನಿಗೆ ಕೋಲು ಹಿಡಿಯಲು, ಕುರ್ಚಿ ಹಿಡಿಯಲು, ಗೋಡೆ ಹಿಡಿಯಲು ಉಳಿಯುವುದು ಎಡಗೈ ಒಂದೇ, ಮತ್ತೆ ಆ ಹೊತ್ತಿಗೆ ಅವರಿಗಿಂತ ಮುಂಚೆ ಕೈ ತೊಳೆದವರು ಚೆಲ್ಲಿದ ನೀರಿನಿಂದ ಸಿಂಕಿನ ಮುಂದಿನ ನೆಲ ಪೂರ್ತಿ ಒದ್ದೆ. ಜಾರುವುದು ಇಲ್ಲೇ. ಹಾಗಾಗಿ ಸಿಂಕ್ ಹಾಲ್ ಒಳಗೇ ಇರಲಿ. ಹೋಗುವ ದಾರಿಯಲ್ಲಿ ಎಡಗಡೆ ಹಿಡಿಕಂಬಿ ಬೇಕು. ತಿರುಗಿಸುವ ನಲ್ಲಿ ಬೇಡ, ಮೊಣಕೈಯಲ್ಲಿ ತಳ್ಳುವಂಥದ್ದು ಹಾಕಿ. ಕೆಳಗೆ ತರಿತರಿ ಟೈಲ್ಸ್, ನೀರು ನಿಲ್ಲದ ಹಾಗೆ ಸ್ವಲ್ಪ ಇಳಿಜಾರು. ಗಾಲಿ ಕುರ್ಚಿಯಲ್ಲಿ ಬರುವವರಿಗೆ ಒಂದು ಸಿಂಕ್ ತಗ್ಗಿನಲ್ಲಿರಲಿ.

ಕುರ್ಚಿಗೆ ಕೈ ಇರಲೇಬೇಕು. ಅದನ್ನು ಊರಿಯೇ ಏಳುವುದು. ಹಗುರ ಪ್ಲಾಸ್ಟಿಕ್ ಕುರ್ಚಿ ಊರಿದ ತಕ್ಷಣ ಹಿಂದಕ್ಕೆ ಜಾರುತ್ತದೆ. ಗಾಲಿ ಕುರ್ಚಿಯವರ ಮೊಣಕಾಲು ಒಳಗೆ ಹೋಗಲು ಟೇಬಲಿನ ಕೆಳಗೆ ಸುಮಾರು 70 ಸೆಂಟಿಮೀಟರ್ ಖಾಲಿ ಬೇಕು. ಎಷ್ಟೋ ಟೇಬಲ್‌ಗಳಲ್ಲಿ ಅಂಚಿನ ಕೆಳಗೊಂದು ಮರದ ಪಟ್ಟಿ ಇರುತ್ತದೆ, ಅದು ಅಡ್ಡ ಬಂತೆಂದರೆ ತಟ್ಟೆ ಒಂದು ಮಾರು ದೂರ, ಸಾರೆಲ್ಲ ಮಡಿಲಿಗೆ.

ಇನ್ನು ಕಣ್ಣು. ಇಪ್ಪತ್ತರ ವಯಸ್ಸಿನ ಕಣ್ಣಿನೊಳಗೆ ಹೋಗುವ ಬೆಳಕಿನ ಮೂರನೇ ಒಂದು ಭಾಗ ಮಾತ್ರ ಅರವತ್ತರ ಕಣ್ಣಿಗೆ ಸಿಗುತ್ತದೆ ಎನ್ನುತ್ತಾರೆ. ಬೆಳಕು ಜಾಸ್ತಿ ಬೇಕು, ಆದರೆ ಕಣ್ಣು ಕುಕ್ಕಬಾರದು. ಸ್ಟೀಲ್ ತಟ್ಟೆಯ ಮೇಲೆ ಟ್ಯೂಬ್‌ಲೈಟ್ ಹೊಳೆದರೆ ಅನ್ನ ಎಲ್ಲಿ, ಮಜ್ಜಿಗೆ ಎಲ್ಲಿ ಅಂತ ಗೊತ್ತಾಗುವುದಿಲ್ಲ. ಬಿಳೀ ತಟ್ಟೆಯಲ್ಲಿ ಮೊಸರನ್ನವೂ ಹಾಗೇ. 2004ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮರೆವಿನ ಕಾಯಿಲೆಯಾದ ಆಲ್ಜೈಮರ್ಸ್ ತೀವ್ರವಾಗಿದ್ದವರಿಗೆ ಬಿಳಿ ಬದಲು ಕೆಂಪು ತಟ್ಟೆಯಲ್ಲಿ ಬಡಿಸಿದಾಗ ಅವರು ತಿಂದದ್ದು ಸುಮಾರು ಕಾಲು ಭಾಗ ಹೆಚ್ಚಾಯಿತು. ಕೆಲವೇ ಜನರನ್ನು ನೋಡಿ ಮಾಡಿದ್ದು, ನಿಜ. ಆದರೆ ಹಸಿರು ಬಾಳೆ ಎಲೆ ಮೇಲೆ ಬಿಳೀ ಅನ್ನ ಎದ್ದು ಕಾಣುವುದು ನಮಗೆ ಗೊತ್ತೇ ಇದೆ. ದಿನಾ ಎಲೆ ಹಾಕಲು ಆಗದಿದ್ದರೆ ಗಾಢ ಬಣ್ಣದ ತಟ್ಟೆ ತರಬಹುದು. ಅದಕ್ಕೇನು ಮಹಾ ಖರ್ಚು?

ಸದ್ದಿನ ವಿಷಯ ಯಾರೂ ಯೋಚಿಸುವುದೇ ಇಲ್ಲ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆ ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ಬಡ ಹಿರಿಯರಿಗೆ ಜಾಗ ಎಂದು ಹೇಳುತ್ತದೆ. ಅಷ್ಟೂ ಜನರನ್ನು ಗ್ರಾನೈಟ್ ನೆಲದ ಒಂದೇ ಹಾಲಿನಲ್ಲಿ ಕೂರಿಸಿ, ಸ್ಟೀಲ್ ಲೋಟ ಇಡುವ ಸದ್ದು, ಒಳಗಿನಿಂದ ಮಿಕ್ಸಿ ಸದ್ದು ಸೇರಿಸಿ ನೋಡಿ. ಕಿವಿ ಮಂದವಾದವರಿಗೆ ಎದುರಿನವರ ಮಾತು ಕೇಳುವುದಿಲ್ಲ, ಸುಮ್ನೆ ತಲೆಯಾಡಿಸಿ ಎದ್ದು ಹೋಗುತ್ತಾರೆ. ಊಟದ ಹಾಲ್ ಅನ್ನು ಎರಡು ಮೂರು ಭಾಗ ಮಾಡಿ, ದಪ್ಪ ಪರದೆ ಹಾಕಿ. ಮದುವೆ ಮನೆಯ ಪಂಕ್ತಿಯ ಹಾಗೆ ಉದ್ದ ಟೇಬಲ್ ಬೇಡ. ನಾಲ್ವರ ಚಿಕ್ಕ ಟೇಬಲ್ ಆದರೆ ಮಾತಾಡುವವರ ತುಟಿ ಕಾಣುತ್ತದೆ. ಒಬ್ಬರೇ ಕೂತು ಉಣ್ಣಬೇಕು ಅನ್ನುವವರಿಗೆ ಕಿಟಕಿ ಪಕ್ಕ ಒಂದೆರಡು ಟೇಬಲ್ ಇರಲಿ. ಅವರನ್ನು ಮಾತಿಗೆಳೆಯುವ ಉತ್ಸಾಹ ಯಾರಿಗೂ ಬೇಡ.

ಅಪ್ಪ ಅಮ್ಮನಿಗೋ ನಿಮಗೋ ಇಂಥ ಜಾಗ ಹುಡುಕುತ್ತಿದ್ದರೆ ಬೆಳಗ್ಗೆ ಹತ್ತು ಗಂಟೆಗೆ, ಹಾಲ್ ಖಾಲಿ ಇರುವಾಗ ಹೋಗಬೇಡಿ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ, ದುಡ್ಡು ಕೊಟ್ಟಾದರೂ ಅಲ್ಲೇ ಊಟ ಮಾಡಿ, ಕೈ ತೊಳೆಯಲು ಕೊನೆಯವರಾಗಿ ಏಳಿ. ನಮಸ್ಕಾರ.