ಉಳ್ಳಾಗಡ್ಡಿ ಸೂಪು: ಉರಿ ಸಣ್ಣಗಿರಲಿ

ಕೇಳುಗರಿಗೆಲ್ಲ ನಮಸ್ಕಾರ. ಮನೆಗೆಲಸ ಮುಗಿಸಿ ರೇಡಿಯೋ ಹಚ್ಚಿರುವ ಅಕ್ಕ-ತಂಗಿಯರೇ, ಬಳ್ಳಾರಿಯಲ್ಲೋ ತೋರಣಗಲ್ಲಿನಲ್ಲೋ ರೂಮು ಮಾಡಿಕೊಂಡು ತಾವೇ ಬೇಯಿಸಿಕೊಳ್ಳುವ ಹುಡುಗರೇ, ಇವತ್ತಿನ ಮಾತು ನಿಮಗಾಗಿ. ಉಳ್ಳಾಗಡ್ಡಿ ಸೂಪು ಮನೆಯಲ್ಲೇ ಹೇಗೆ ಮಾಡಬೇಕು ಅಂತ ಹೇಳುತ್ತೇನೆ. ಪೆನ್ನು, ಹಾಳೆ ಹುಡುಕಬೇಡಿ. ನೆನಪಿಡಬೇಕಾದ್ದು ಒಂದೇ. ಉರಿ ಸಣ್ಣಗಿರಬೇಕು.

ಸೂಪು ಅಂದ ಕೂಡಲೇ ದೊಡ್ಡ ಹೋಟೆಲು, ಕಾರ್ನ್‌ಫ್ಲೋರಿನ ಲೋಳೆ ಲೋಳೆ ಗಂಜಿ ಕಣ್ಣ ಮುಂದೆ ಬರುತ್ತದೆ ಅಲ್ವಾ? ಇದು ಅಂಥದ್ದಲ್ಲ. ಪ್ಯಾರಿಸ್ ಪಟ್ಟಣದ ನಡುವೆ ಲೆ ಆಲ್ ಅಂತ ಒಂದು ಭಾರೀ ಸಗಟು ಮಾರುಕಟ್ಟೆ ಇತ್ತು. 1969ರಲ್ಲಿ ಅದನ್ನು ಊರಾಚೆ ರುಂಗಿಸ್ ಎಂಬಲ್ಲಿಗೆ ಸಾಗಿಸಿದರು. ರಾತ್ರಿಯೆಲ್ಲ ಮೂಟೆ ಹೊತ್ತ ಹಮಾಲರು ಬೆಳಗಿನ ಜಾವ ಆ ಹಳೇ ಲೆ ಆಲ್‌ನಲ್ಲಿ ಬಿಸಿಬಿಸಿಯಾಗಿ ಕುಡಿಯುತ್ತಿದ್ದದ್ದು ಈ ಸೂಪನ್ನೇ. ಉಳ್ಳಾಗಡ್ಡಿ, ಎಲುಬಿನ ರಸ, ಗಟ್ಟಿಯಾದ ಬ್ರೆಡ್ಡು, ಮೇಲೊಂದಿಷ್ಟು ಚೀಸು. ದುಡಿಯುವವರ ಊಟ ಅದು. ನಮಗೇನು ಉಳ್ಳಾಗಡ್ಡಿ ಕಡಿಮೆಯಾ? ತಮಿಳುನಾಡಿನಲ್ಲಿ ದೊಡ್ಡ ಉಳ್ಳಾಗಡ್ಡಿಯನ್ನು ಬಳ್ಳಾರಿಯ ಹೆಸರಿನಲ್ಲೇ ಮಾರುತ್ತಾರೆ. ಅಂಥ ಊರಿನವರು ಪ್ಯಾಕೆಟ್ ಪುಡಿಗೆ ಬಿಸಿನೀರು ಸುರಿದು ಕುಡಿಯುವುದನ್ನು ನೋಡಿದರೆ ನನಗೆ ತಡೆಯೋಕಾಗಲ್ಲ.

ನಾಲ್ಕು ಮಂದಿಗೆ ಅರ್ಧ ಕಿಲೋ ಉಳ್ಳಾಗಡ್ಡಿ ಬೇಕು. ತೆಳ್ಳಗೆ, ಉದ್ದುದ್ದಕ್ಕೆ ಹೆಚ್ಚಿ. ಚಾಕು ಹರಿತವಾಗಿದ್ದರೆ ಕಣ್ಣೀರು ಕಡಿಮೆ. ದಪ್ಪ ತಳದ ಪಾತ್ರೆಗೆ ಎರಡು ದೊಡ್ಡ ಚಮಚ ಬೆಣ್ಣೆ ಹಾಕಿ. ಬೆಣ್ಣೆ ಇಲ್ಲದಿದ್ದರೆ ಶೇಂಗಾ ಎಣ್ಣೆ ಆಗುತ್ತದೆ. ಉಳ್ಳಾಗಡ್ಡಿ ಸುರಿದು, ಚಿಟಿಕೆ ಉಪ್ಪು ಹಾಕಿ, ಮುಚ್ಚಿ, ಸಿಮ್‌ನಲ್ಲಿಡಿ. ಹತ್ತು ನಿಮಿಷಕ್ಕೆ ಅದು ನೀರು ಬಿಟ್ಟು ಮೆತ್ತಗಾಗುತ್ತದೆ. ಆಮೇಲೆ ಮುಚ್ಚಳ ತೆಗೆದು ಇನ್ನೂ ಅರ್ಧ ತಾಸಿಗಿಂತ ಜಾಸ್ತಿ ಹುರಿಯಬೇಕು. ಹೌದು, ಅಷ್ಟೊತ್ತು.

ಯಾಕೆ ಅಷ್ಟೊತ್ತು? ನೂರು ಗ್ರಾಂ ಉಳ್ಳಾಗಡ್ಡಿಯಲ್ಲಿ ಸುಮಾರು 89 ಗ್ರಾಂ ನೀರೇ ಇರುತ್ತದೆ. ಸಕ್ಕರೆ 4 ಗ್ರಾಂ. ನೀರು ಹೋಗುವ ತನಕ ಬಿಸಿ 100 ಡಿಗ್ರಿ ದಾಟುವುದಿಲ್ಲ, ಬಣ್ಣ ಬರುವುದಿಲ್ಲ. ನೀರು ಆರಿದ ಮೇಲೆಯೇ ಆ ಸಕ್ಕರೆ ಕೆಂಪಗಾಗಿ ಘಮ ಏಳುತ್ತದೆ. ಉರಿ ಜೋರು ಮಾಡಿದರೆ ಅಂಚು ಸುಟ್ಟಿರುತ್ತದೆ, ಒಳಗೆ ಇನ್ನೂ ನೀರು ಇರುತ್ತದೆ. ಅದಕ್ಕೇ ಹೇಳಿದ್ದು, ಉರಿ ಸಣ್ಣಗಿರಲಿ.

ಕೊಪ್ಪಳದ ಕಡೆ ಒಂದು ಹಳ್ಳಿಯಲ್ಲಿ ಮಹಿಳಾ ಸಂಘದವರಿಗೆ ಇದನ್ನು ಕಲಿಸೋಕೆ ಹೋಗಿದ್ದೆ. ಸಮುದಾಯ ಭವನದಲ್ಲಿ ಗ್ಯಾಸ್ ಒಲೆ ಇಟ್ಟು ಹುರಿಯುತ್ತಿದ್ದೆ. ಇಪ್ಪತ್ತು ನಿಮಿಷ ಆದರೂ ಉಳ್ಳಾಗಡ್ಡಿ ಬೆಳ್ಳಗೇ ಇತ್ತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಮುಂದೆ ಕೂತಿದ್ದ ಒಬ್ಬ ದೊಡ್ಡವ್ವ ಕೇಳಿಯೇಬಿಟ್ಟಳು: "ಅಕ್ಕೋರ, ಹಿಂಗ ಹುರಕೊಂತ ಕುಂತ್ರ ಸಿಲಿಂಡರ್ ಯಾರ್ ತಂದ್ ಕೊಡ್ತಾರ?" ಎಲ್ಲರೂ ನಕ್ಕರು. ಆಕೆಯ ಸೊಸೆ ಎದ್ದು ಬಂದು ಸೀದಾ ಉರಿ ಜೋರು ಮಾಡಿದಳು. ನಾನು ತಡೆಯಲಿಲ್ಲ, ಎಲ್ಲರೂ ನೋಡಲಿ ಅಂತ. ಸ್ವಲ್ಪ ಹೊತ್ತಿಗೇ ಕಮಟು ವಾಸನೆ ಬಂತು. ಅಂಚೆಲ್ಲ ಕರ್ರಗೆ, ನಡುವೆ ಬೆಳ್ಳಗೆ. ಎಲ್ಲರ ಕೈಗೂ ಒಂದೊಂದು ಎಸಳು ಕೊಟ್ಟೆ. ಬಾಯಿಗಿಟ್ಟವರೆಲ್ಲ ಮುಖ ಕಿವುಚಿದರು.

ಆಗ ದೊಡ್ಡವ್ವ ತನ್ನ ಮನೆಗೆ ನಡೀರಿ ಅಂದಳು. ಅವರ ಮನೆಯಲ್ಲಿ ಆಗಷ್ಟೇ ರೊಟ್ಟಿ ಬಡಿದು ಮುಗಿದಿತ್ತು. ಒಲೆಯಲ್ಲಿ ನಿಗಿನಿಗಿ ಕೆಂಡ. ಆಕೆ ಒಂದಿಷ್ಟು ಬೂದಿ ಎಳೆದು ಕೆಂಡದ ಮೇಲೆ ಹರಡಿದಳು. ಬೇರೆ ಉಳ್ಳಾಗಡ್ಡಿ ಹೆಚ್ಚಿಸಿ, ಪಾತ್ರೆಯನ್ನು ಅದರ ಮೇಲಿಟ್ಟಳು. ಪಕ್ಕದಲ್ಲೇ ಶೇಂಗಾ ಸುಲಿಯುತ್ತಾ ಕೂತಳು. ಆಗಾಗ ಒಮ್ಮೆ ಕೈಯಾಡಿಸುವುದು, ಮತ್ತೆ ಶೇಂಗಾ. ಯಾವ ಅವಸರವೂ ಇಲ್ಲ. ಕೆಂಡ ಆರುತ್ತಾ ಬರುವ ಹೊತ್ತಿಗೆ ಪಾತ್ರೆ ತುಂಬ ಇದ್ದ ಉಳ್ಳಾಗಡ್ಡಿ ಒಂದು ಹಿಡಿಯಷ್ಟಾಗಿ, ಹಳೇ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಸೊಸೆ ಒಂದು ಚೂರು ಬಾಯಿಗೆ ಹಾಕಿಕೊಂಡು, "ಸಕ್ಕರಿ ಹಾಕೀರೇನ್ರಿ ಅತ್ತಿ?" ಅಂತ ಕೇಳಿದಳು. ಒಂದು ಕಾಳು ಸಕ್ಕರೆಯನ್ನೂ ಹಾಕಿರಲಿಲ್ಲ. ಸಿಲಿಂಡರ್ ಖರ್ಚೂ ಇಲ್ಲ. ಅವತ್ತಿನಿಂದ ಒಲೆ ಇರುವ ಮನೆಯವರಿಗೆಲ್ಲ ನಾನು ಇದನ್ನೇ ಹೇಳುತ್ತೇನೆ. ರೊಟ್ಟಿ ಆದ ಮೇಲಿನ ಕೆಂಡವನ್ನು ಸುಮ್ನೆ ಆರಲು ಬಿಡಬೇಡಿ. ಗ್ಯಾಸ್ ಇರುವವರು ಸಣ್ಣ ಬರ್ನರಿನಲ್ಲಿ, ಸಿಮ್‌ನಲ್ಲಿ.

ನನಗೆ ಕೊಟ್ಟ ಹೊತ್ತು ಮುಗಿಯುತ್ತಾ ಬಂತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಹುರಿಯುವಾಗ ತಳಕ್ಕೆ ಕೆಂಪಗೆ ಹತ್ತಿಕೊಳ್ಳುತ್ತದಲ್ಲ, ಅದರಲ್ಲೇ ರುಚಿ ಇರುವುದು. ಒಂದು ಚಮಚ ನೀರು ಚಿಮುಕಿಸಿ ಕೆರೆದು ಸೇರಿಸಿ. ಬಣ್ಣ ಬಂದ ಮೇಲೆ ಒಂದು ಚಮಚ ಜೋಳದ ಹಿಟ್ಟು ಉದುರಿಸಿ, ಹಸಿ ವಾಸನೆ ಹೋಗುವಷ್ಟು ಹುರಿಯಿರಿ. ಎಲುಬಿನ ರಸದ ಬದಲು ಬೇಳೆ ಕಟ್ಟು ಹಾಕಿ. ತೊಗರಿಬೇಳೆ ಬೇಯಿಸಿ ಬಸಿದ ಕಟ್ಟು ಒಂದು ಲೀಟರ್ ಸಾಕು. ಹೋಳಿಗೆ ಮಾಡಿದ ದಿನ ಕಡಲೆಬೇಳೆ ಕಟ್ಟು ಇದ್ದರೆ ಇನ್ನೂ ಒಳ್ಳೆಯದು. ಬಿಸಿ ಕಟ್ಟನ್ನು ಸ್ವಲ್ಪ ಸ್ವಲ್ಪವೇ ಸುರಿದು ತಿರುವಿ. ಒಂದು ಪಲಾವ್ ಎಲೆ, ಕುಟ್ಟಿದ ಮೆಣಸು, ಉಪ್ಪು. ಹದಿನೈದು ನಿಮಿಷ ಕುದಿಯಲಿ, ಅದೂ ಸಣ್ಣ ಉರಿಯಲ್ಲೇ. ಇಳಿಸುವಾಗ ನಾಲ್ಕು ಹನಿ ನಿಂಬೆರಸ ಹಿಂಡಿ. ಟೊಮ್ಯಾಟೊ ಹಾಕಬಹುದಾ, ಗರಂ ಮಸಾಲೆ ಹಾಕಬಹುದಾ ಅಂತ ಯಾವಾಗಲೂ ಕೇಳುತ್ತಾರೆ. ಬೇಡ. ದಯವಿಟ್ಟು ಬೇಡ. ಅಷ್ಟೊತ್ತು ಹುರಿದ ಉಳ್ಳಾಗಡ್ಡಿಯ ರುಚಿ ನಾಲಿಗೆಗೆ ಸಿಗಲಿ.

ಬ್ರೆಡ್ಡಿನ ಬದಲು ಕಟಕ ರೊಟ್ಟಿ ಮುರಿದು ಮೇಲೆ ಹಾಕಿ. ಅರ್ಧ ನೆನೆದು ಅರ್ಧ ಗರಿಗರಿ ಇರುವಾಗಲೇ ತಿನ್ನಬೇಕು. ಚೀಸ್ ಇದ್ದರೆ ತುರಿದು ಹಾಕಿ, ಇಲ್ಲದಿದ್ದರೆ ಒಂದು ಚೂರು ಬೆಣ್ಣೆ.

ರೂಮಿನ ಹುಡುಗರಿಗೆ ಇನ್ನೊಂದು ಮಾತು. ರಜೆಯ ದಿನ ಒಂದು ಕಿಲೋ ಹುರಿದಿಟ್ಟುಕೊಳ್ಳಿ. ಆರಿದ ಮೇಲೆ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಕೆಡುವುದಿಲ್ಲ. ಡ್ಯೂಟಿ ಮುಗಿಸಿ ಬಂದಾಗ ಎರಡು ಚಮಚ ತೆಗೆದು, ಒಂದು ಲೋಟ ಕಟ್ಟು ಹಾಕಿ ಕುದಿಸಿಕೊಂಡರೆ ಸೂಪು ಸಿದ್ಧ. ನಮಸ್ಕಾರ.