ಕಲಬುರಗಿಗೆ ಹೆಬ್ಬಾವು ತರಿಸೋಕೆ ಆಧಾರ್ ಕಾರ್ಡ್ ಸಾಕಾ?

(ಟೇಬಲ್ ಮೇಲೆ ಖಾಲಿ ಗಾಜಿನ ಪೆಟ್ಟಿಗೆ. ಪಕ್ಕದಲ್ಲಿ ಕಾಗದದ ಕಂತೆ.)

ನಮಸ್ಕಾರ್ರೀ. ಹೋದ ವಾರ ಒಬ್ಬ ತಮ್ಮ ಕೇಳಿದ್ದ: "ಅಣ್ಣಾ, ಬಾಲ್ ಪೈಥಾನ್ ಕಲಬುರಗಿಗೆ ತರಿಸ್ಕೋಬೇಕಂದ್ರ ಆಧಾರ್ ಕಾರ್ಡ್ ಒಂದೇ ಸಾಕಾಗ್ತದೇನ್ರಿ?"

ಓದಿ ನಕ್ಕೆ. ಆಮೇಲೆ ಕಾನೂನು ಏನು ಹೇಳುತ್ತದೆ ಅಂತ ನೋಡಲು ಕೂತೆ. ಮೂರು ರಾತ್ರಿ ಹೋಯಿತು.

ಬಾಲ್ ಪೈಥಾನ್ ಅಂದರೆ ಪಶ್ಚಿಮ ಆಫ್ರಿಕಾದ ಸಣ್ಣ ಹೆಬ್ಬಾವು. ಘಾನಾ, ಟೋಗೋ, ಬೆನಿನ್ ಕಡೆಯದು. ವಿಷ ಇಲ್ಲ. ಹೆದರಿದರೆ ತಲೆಯನ್ನು ಒಳಗಿಟ್ಟು ಸುತ್ತಿಕೊಳ್ಳುತ್ತದೆ, ಪಂಚಮಿಯ ಶೇಂಗಾ ಉಂಡಿ ಥರ. ಕಾಡುಪ್ರಾಣಿಗಳ ವ್ಯಾಪಾರಕ್ಕೆ ಸೈಟಿಸ್ ಅಂತ ಒಂದು ಅಂತರರಾಷ್ಟ್ರೀಯ ಒಪ್ಪಂದ ಇದೆ. ಭಾರತ ಅದಕ್ಕೆ 1976ರಲ್ಲಿ ಸೇರಿತು. ಈ ಹಾವು ಅದರ 2ನೇ ಪಟ್ಟಿಯಲ್ಲಿದೆ, ಅಂದರೆ ಪರ್ಮಿಟ್ ಇದ್ದರೆ ಮಾತ್ರ ವ್ಯಾಪಾರ. ನಮ್ಮ 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು. 2023ರ ಏಪ್ರಿಲ್ 1ರಿಂದ ಸೈಟಿಸ್ ಪಟ್ಟಿಯ ಪ್ರಾಣಿಗಳೆಲ್ಲ ಈ ಕಾಯ್ದೆಯ 4ನೇ ಶೆಡ್ಯೂಲ್‌ನಲ್ಲಿವೆ. ಇಷ್ಟು ಸಾಕು, ಮುಂದೆ ಹೋಗೋಣ.

ಈಗ ಕಾಗದ. ಹಾವು ಹೊರಡುವ ದೇಶದಿಂದ ಸೈಟಿಸ್ ರಫ್ತು ಪರ್ಮಿಟ್ ಬೇಕು. ಇಲ್ಲಿ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಎನ್‌ಒಸಿ ಬೇಕು. ಆ ಎನ್‌ಒಸಿ ಹಿಡಿದು ಡಿಜಿಎಫ್‌ಟಿಯಲ್ಲಿ, ಅಂದರೆ ಕೇಂದ್ರದ ವಿದೇಶಿ ವ್ಯಾಪಾರ ನಿರ್ದೇಶನಾಲಯದಲ್ಲಿ, ಆಮದು ಲೈಸೆನ್ಸ್ ಕೇಳಬೇಕು. ಜೊತೆಗೆ ರೋಗ ಬರದಂತೆ ಕೇಂದ್ರದ ಪಶುಸಂಗೋಪನಾ ಇಲಾಖೆಯ ಪರ್ಮಿಟ್. ಅದಕ್ಕೆ ಆಧಾರವಾದ ಕಾನೂನು ಯಾವ ಕಾಲದ್ದು ಗೊತ್ತಾ? 1898. ನಮ್ಮ ಮುತ್ತಜ್ಜ ನಿಜಾಮರ ರಾಜ್ಯದಲ್ಲಿ ಜೋಳ ಬಿತ್ತುತ್ತಿದ್ದ ಕಾಲ.

"ಕಲಬುರಗಿಗೂ ಏರ್‌ಪೋರ್ಟ್ ಬಂದದಲ್ರಿ" ಅಂತೀರಿ. ಬಂದಿದೆ, 2019ರಲ್ಲಿ. ಆದರೆ ಹಾವು ಇಲ್ಲಿ ಇಳಿಯುವ ಹಾಗಿಲ್ಲ. ಕಸ್ಟಮ್ಸ್ ಮತ್ತು ಪ್ರಾಣಿ ಕ್ವಾರಂಟೈನ್ ಎರಡೂ ಇರುವ ದೊಡ್ಡ ಊರಲ್ಲಿ ಇಳಿದು, ತಪಾಸಣೆ ಮುಗಿಸಿಕೊಂಡೇ ಬರಬೇಕು.

ನನಗೆ ಈ ಕಾಗದಗಳು ಹೊಲದ ವ್ಯವಹಾರದ ಥರ ಕಾಣುತ್ತವೆ. ಹೊಲ ಕೊಂಡರೆ ಪಹಣಿಯಲ್ಲಿ ಹೆಸರು ಬರಬೇಕು, ಮಾರಿದರೆ ಮ್ಯುಟೇಶನ್ ಆಗಬೇಕು. ಹಾವಿಗೂ ಹಾಗೆಯೇ. 4ನೇ ಶೆಡ್ಯೂಲ್‌ನ ಪ್ರಾಣಿ ನಿಮ್ಮ ಹತ್ತಿರ ಇದ್ದರೆ, 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಬೇರೆಯವರಿಗೆ ಕೊಟ್ಟರೆ ತಿಳಿಸಬೇಕು. ಸತ್ತರೆ ತಿಳಿಸಬೇಕು. ಹುಟ್ಟಿದರೂ ತಿಳಿಸಬೇಕು.

ಆ "ಹುಟ್ಟಿದರೂ" ಅನ್ನುವಲ್ಲಿ ನಾನು ಸಿಕ್ಕಿಹಾಕಿಕೊಂಡೆ. ಒಂದೇ ಹಾವು ಸಾಕಿದವರಿಗೆ ಇದರ ಚಿಂತೆ ಯಾಕೆ, ಅಲ್ವಾ?

(ಸ್ಕ್ರೀನ್ ಮೇಲೆ: ರೊನಾಲ್ಡೋ)

ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನ ಒಂದು ಕಾಲೇಜಿನಲ್ಲಿ ರೇನ್‌ಬೋ ಬೋವಾ ಹಾವು ಇತ್ತು. ವಯಸ್ಸು 13. ಗಂಡು ಅಂತ ತಿಳಿದು ರೊನಾಲ್ಡೋ ಅಂತ ಹೆಸರಿಟ್ಟಿದ್ದರು. 2024ರಲ್ಲಿ ನೋಡಿದರೆ ರೊನಾಲ್ಡೋ 14 ಮರಿ ಹಾಕಿದ್ದಾನೆ. ಹಾಕಿದ್ದಾಳೆ, ಕ್ಷಮಿಸಿ. ವರ್ಷಗಟ್ಟಲೆ ಹತ್ತಿರ ಇನ್ನೊಂದು ಹಾವೇ ಇರಲಿಲ್ಲ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದ ಬಾಲ್ ಪೈಥಾನ್‌ದು ಇನ್ನೂ ಮಜಾ. ಕನಿಷ್ಠ 62 ವರ್ಷದ ಅಜ್ಜಿ. 15 ವರ್ಷಕ್ಕೂ ಜಾಸ್ತಿ ಕಾಲ ಗಂಡಿನ ಮುಖ ನೋಡಿಲ್ಲ. 2020ರಲ್ಲಿ 7 ಮೊಟ್ಟೆ ಇಟ್ಟಿತು! ಕೆಲವು ಹೆಣ್ಣು ಹಾವುಗಳು ಗಂಡಿನ ವೀರ್ಯವನ್ನು ಒಳಗೇ ಬಹಳ ದಿನ ಕಾಪಾಡಿಕೊಳ್ಳುತ್ತವೆ. ಇನ್ನು ಕೆಲವು ಗಂಡೇ ಇಲ್ಲದೆ ಮರಿ ಮಾಡುತ್ತವೆ.

ಈಗ ಯೋಚಿಸಿ. ಸೂಪರ್ ಮಾರ್ಕೆಟ್ ಹತ್ತಿರದ ಬಾಡಿಗೆ ರೂಮು. ಒಂದು ರೊನಾಲ್ಡೋ. ಬೆಳಿಗ್ಗೆ ಎದ್ದರೆ ಪೆಟ್ಟಿಗೆಯಲ್ಲಿ 14 ಮರಿ. ಮನೆ ಮಾಲೀಕರಿಗೆ ಏನು ಹೇಳುತ್ತೀರಿ ಅನ್ನೋದು ನಿಮಗೆ ಬಿಟ್ಟದ್ದು. ಅರಣ್ಯ ಇಲಾಖೆಗೆ ಮಾತ್ರ ಹೇಳಲೇಬೇಕು. ಗಂಡು ಎಲ್ಲಿಂದ ಬಂತು ಅಂತ ಕೇಳಿದರೆ ಈ ವಿಡಿಯೋ ತೋರಿಸಿ.

ಟೈಮ್ ಆಗಿಬಿಟ್ಟಿದೆ. ಉಳಿದದ್ದು ಓಡುತ್ತಾ ಹೇಳುತ್ತೇನೆ.

ಅಮೆರಿಕದ ಕಾರ್ನ್ ಸ್ನೇಕ್ ಸೈಟಿಸ್ ಪಟ್ಟಿಯಲ್ಲಿಲ್ಲ. ಹಾಗಂತ ಫ್ರೀ ಅಲ್ಲ, ಆಮದು ಲೈಸೆನ್ಸ್ ಮತ್ತು ಪಶುಸಂಗೋಪನಾ ಪರ್ಮಿಟ್ ಅದಕ್ಕೂ ಬೇಕು. 2020ರಲ್ಲಿ ಕೇಂದ್ರ ಸರ್ಕಾರ ಆರು ತಿಂಗಳು ಅವಕಾಶ ಕೊಟ್ಟಿತ್ತು: ಮನೆಯಲ್ಲಿರುವ ವಿದೇಶಿ ಪ್ರಾಣಿಯನ್ನು ಘೋಷಿಸಿ, ಎಲ್ಲಿಂದ ತಂದಿರಿ ಅಂತ ಕೇಳುವುದಿಲ್ಲ ಅಂತ. ಆ ಬಾಗಿಲು ಮುಚ್ಚಿದೆ. ಇಂದು ಯಾರಾದರೂ ಮರಿ ತೋರಿಸಿ "ಆ ಸ್ಕೀಮ್‌ದು, ಪಕ್ಕಾ ಲೀಗಲ್" ಅಂದರೆ, ತಾಯಿ ಹಾವಿನ ಘೋಷಣೆ, ಮರಿ ಹುಟ್ಟಿದ ದಾಖಲೆ ಎರಡೂ ಕೇಳಿ. ಮೂಲಪತ್ರ ಇಲ್ಲದ ಪ್ಲಾಟು ಕೊಳ್ಳುತ್ತೀರಾ? ಹಾವನ್ನೂ ಕೊಳ್ಳಬೇಡಿ.

ಬ್ಯಾಗಲ್ಲಿ ತಂದರೆ? 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಒಬ್ಬರ ಬ್ಯಾಗಿನಲ್ಲಿ ಬೆಂಗಳೂರು ಕಸ್ಟಮ್ಸ್‌ಗೆ 10 ಹಳದಿ ಅನಕೊಂಡ ಸಿಕ್ಕವು. ಅದಕ್ಕೂ ಮುಂಚೆ 2023ರ ಸೆಪ್ಟೆಂಬರ್‌ನಲ್ಲಿ ಅಲ್ಲೇ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ. ಅದೇ ಬ್ಯಾಗಿನಲ್ಲಿದ್ದ 6 ಕೋತಿಗಳು ಸತ್ತಿದ್ದವು. ಆಗುಂಬೆಯಲ್ಲಿರುವ ಕಾಳಿಂಗವನ್ನು ಬ್ಯಾಂಕಾಕ್‌ನಿಂದ ತರುವ ಬುದ್ಧಿಗೆ ಏನನ್ನಬೇಕೋ ನನಗಂತೂ ತಿಳಿಯದು.

ಸ್ಕ್ರಿಪ್ಟ್ ಓದಿ ಹೇಳುವಾಗ ಅವ್ವ ಶೇಂಗಾ ಸುಲಿಯುತ್ತಾ ಕೂತಿದ್ದಳು. ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು: "ನಮ್ಮ ತೊಗರಿ ಹೊಲದಾಗಿರೋ ನಾಗಪ್ಪ ಯಾರ ಹೆಸರಿಗದನೋ?"

ಯಾರ ಹೆಸರಿಗೂ ಇಲ್ಲ ಅವ್ವಾ. ಅವನಿಗೆ ಲೈಸೆನ್ಸೂ ಸಿಗಲ್ಲ, ನೋಂದಣಿಯೂ ಇಲ್ಲ. ನಾಗರಹಾವು ಅದೇ ಕಾಯ್ದೆಯ 1ನೇ ಶೆಡ್ಯೂಲ್, ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿ. ಹಿಡಿದು ಡಬ್ಬಿಯಲ್ಲಿಟ್ಟು ಸಾಕಿದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25 ಸಾವಿರ ದಂಡ.

"ಹಂಗಾದ್ರ ಹುತ್ತದಾಗೇ ಇರ್ಲಿ ಬಿಡು" ಅಂದಳು.