ನಮ್ಮ ಜೋಗ ನಮ್ಮ ಮನೆಯಲ್ಲೇ ಇರಲಿ

ಎಲ್ಲರಿಗೂ ನಮಸ್ಕಾರ.

"ಮಾವ, ಜೋಗ ಇಲ್ಲ."

ಪಿಯುಸಿ ಪರೀಕ್ಷೆ ಮುಗಿದ ದಿನ ಸಂಜೆ ಹುಬ್ಬಳ್ಳಿಯಿಂದ ಅಕ್ಕನ ಮಗ ಫೋನ್ ಮಾಡಿ ಹೇಳಿದ ಮಾತು ಇದು. ಇವತ್ತು ನಾನಿಲ್ಲಿ ನಿಂತಿರುವುದು ಆ ಒಂದು ಮಾತಿನಿಂದ.

ಅವನು, ನನ್ನ ಮಗಳು, ಮ್ಯೂನಿಕ್‌ನಲ್ಲಿರುವ ತಮ್ಮನ ಮಕ್ಕಳಿಬ್ಬರು. ನಾಲ್ವರೂ ಸೇರಿ ಮೈನ್‌ಕ್ರಾಫ್ಟ್ ಅನ್ನುವ, ಬ್ಲಾಕ್ ಜೋಡಿಸಿ ಲೋಕ ಕಟ್ಟುವ ಕಂಪ್ಯೂಟರ್ ಆಟದಲ್ಲಿ ಜೋಗ ಕಟ್ಟಿದ್ದರು. ಸಾಗರದವರಿಗೆ ಜೋಗದ ಅಳತೆ ನಾನು ಹೇಳಬೇಕಾಗಿಲ್ಲ, 253 ಮೀಟರ್. ಮೈನ್‌ಕ್ರಾಫ್ಟ್‌ನಲ್ಲಿ ಒಂದು ಬ್ಲಾಕ್ ಅಂದರೆ ಒಂದು ಮೀಟರ್. ಮೊದಲು ಆ ಲೋಕದ ಎತ್ತರಕ್ಕೆ 256ರ ಮಿತಿ ಇತ್ತು. 2021ರ ಕೊನೆಗೆ ಆಟದ 1.18 ಆವೃತ್ತಿ ಬಂದಾಗ ಅದು 320 ಆಯಿತು. ಅಲ್ಲಿ ಸಮುದ್ರ ಮಟ್ಟ 63. ಅದಕ್ಕೆ 253 ಸೇರಿಸಿ. 316! ಮೇಲೆ ನಾಲ್ಕು ಬ್ಲಾಕ್ ಉಳಿಯುತ್ತದೆ, ಅಷ್ಟೇ. ನಮ್ಮ ಜೋಗಕ್ಕೆಂದೇ ಅಳತೆ ಕೊಟ್ಟು ಹೊಲಿಸಿದ ಹಾಗಿದೆ ಅಲ್ವಾ? ಈ ಲೆಕ್ಕ ಕಂಡುಹಿಡಿದವಳು ನನ್ನ ಮಗಳು. ಅಡುಗೆಮನೆಗೆ ಓಡಿ ಬಂದು ಅಮ್ಮನಿಗೆ ಹೇಳಿದಳು. ಒಲೆ ಮೇಲೆ ಹಾಲು ಉಕ್ಕಿತು, ಯಾರೂ ನೋಡಲಿಲ್ಲ.

ರಾಜ, ರಾಣಿ, ರೋರರ್, ರಾಕೆಟ್, ಒಬ್ಬೊಬ್ಬರಿಗೆ ಒಂದೊಂದು ಧಾರೆ. ರಾಣಿ ಹೇಗೆ ಬಳುಕಿ ಇಳಿಯಬೇಕು ಅಂತ ಮ್ಯೂನಿಕ್‌ನ ಹುಡುಗಿಗೆ ನನ್ನ ಮಗಳು ಫೋಟೋ ಕಳಿಸುತ್ತಿದ್ದಳು. ಆ ಹುಡುಗಿ ಮಳೆಗಾಲದ ಜೋಗ ನೋಡಿಯೇ ಇಲ್ಲ. ಬಂದಾಗಲೆಲ್ಲ ಇಲ್ಲಿ ಬೇಸಿಗೆ.

ಅದೆಲ್ಲ ಇದ್ದದ್ದು ಒಂದು ಉಚಿತ ಸರ್ವರ್‌ನಲ್ಲಿ, ಅಂದರೆ ಎಲ್ಲರನ್ನೂ ಸೇರಿಸಿ ಆಟ ನಡೆಸುವ ಬೇರೆಯವರ ಕಂಪ್ಯೂಟರ್‌ನಲ್ಲಿ. ಪರೀಕ್ಷೆ ಅಂತ ಮಕ್ಕಳು ಆಟ ನಿಲ್ಲಿಸಿದರು. ಇಂತಿಷ್ಟು ದಿನ ಯಾರೂ ಒಳಗೆ ಬರದಿದ್ದರೆ ಅಳಿಸುತ್ತೇವೆ ಅಂತ ಅವರ ನಿಯಮ. ಅಳಿಸಿದರು. ಏಳು ತಿಂಗಳ ಕೆಲಸ ಅದು.

ನಾನು ಹೇಳಲು ಬಂದದ್ದು ಒಂದೇ ಮಾತು: ಮಕ್ಕಳು ಕಟ್ಟಿದ ಲೋಕ ಮಕ್ಕಳ ಮನೆಯಲ್ಲಿರಬೇಕು. ಅದು ಒಂದು ಫೋಲ್ಡರ್. ಪೆನ್ ಡ್ರೈವ್‌ನಲ್ಲಿ ಹಿಡಿಸುತ್ತದೆ.

ಎಲ್ಲ ಆಟಕ್ಕೂ ಈ ಭಾಗ್ಯ ಇಲ್ಲ. ಗುಂಡು ಹಾರಿಸುವ ಕ್ವೇಕ್ 1996ರ ಆಟ, ಅದಕ್ಕೆ ಇತ್ತು. ಸರ್ವರ್ ಜನರ ಕೈಗೇ ಕೊಟ್ಟಿದ್ದರಿಂದ ಇವತ್ತಿಗೂ ಆಡುತ್ತಾರೆ. ಆದರೆ ದಿ ಕ್ರ್ಯೂ ಅಂತ ಕಾರ್ ಓಡಿಸುವ ಆಟ 2014ರಲ್ಲಿ ಬಂತು. 2024ರ ಮಾರ್ಚ್ 31ಕ್ಕೆ ಕಂಪನಿ ಸರ್ವರ್ ನಿಲ್ಲಿಸಿತು. ಆಗ ದುಡ್ಡು ಕೊಟ್ಟು ಕೊಂಡವರೂ ಮನೆಯಲ್ಲಿ ಒಬ್ಬರೇ ಕೂತು ಆಡುವ ಹಾಗಿರಲಿಲ್ಲ. ಮೈನ್‌ಕ್ರಾಫ್ಟ್‌ನವರು ಸರ್ವರ್ ಫೈಲನ್ನು ಪುಕ್ಕಟೆ ಕೊಡುತ್ತಾರೆ. ಅದನ್ನು ಬಳಸಿಕೊಂಡು ಮನೆಯಲ್ಲೇ ನಮ್ಮದೊಂದು ಸರ್ವರ್ ಇಡೋಣ.

ಸರಿ, ಯಂತ್ರಕ್ಕೆ ಬರುತ್ತೇನೆ. ಇದೋ, ಈ ಮೇಜಿನ ಮೇಲಿದೆ. ಯಾವುದೋ ಆಫೀಸಿನ ಹಳೆ ಡೆಸ್ಕ್‌ಟಾಪ್. ಪಕ್ಕದಲ್ಲಿ ಆಸ್ತಿ ನಂಬರಿನ ಸ್ಟಿಕ್ಕರ್ ಇನ್ನೂ ಇದೆ, ಕೀಳಲು ಮಗಳು ಬಿಡುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಂದದ್ದು. ಆರನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್. ನಾನು ಕೊಂಡಾಗ 8,000 ರೂಪಾಯಿ. ಇನ್ನೊಂದು 8 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಸೇರಿ 11,000 ದಾಟಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ. ಚಿತ್ರ ಬಿಡಿಸುವುದು ಆಡುವವರ ಕಂಪ್ಯೂಟರ್. ಇದಕ್ಕೆ ಮಾನಿಟರ್ ಕೂಡ ಇಲ್ಲ.

ಪ್ರೊಸೆಸರ್‌ನಲ್ಲಿ ಕೋರ್, ಅಂದರೆ ಲೆಕ್ಕ ಮಾಡುವ ಕೆಲಸಗಾರರು, ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ ಅಂತ ಕೇಳುತ್ತೀರಿ. ಈ ಆಟದ ಲೋಕ ಸೆಕೆಂಡಿಗೆ 20 ಸಲ ಮುಂದೆ ಹೆಜ್ಜೆ ಇಡುತ್ತದೆ. ಒಂದು ಹೆಜ್ಜೆಗೆ 50 ಮಿಲಿಸೆಕೆಂಡ್. ಆ ಹೆಜ್ಜೆಯ ಮುಖ್ಯ ಕೆಲಸ ಎಲ್ಲ ಒಂದೇ ಕೋರ್ ಮೇಲೆ ಬೀಳುತ್ತದೆ. ಹೋಟೆಲಿನಲ್ಲಿ ಕಾವಲಿ ಮುಂದೆ ಒಬ್ಬರೇ ಭಟ್ಟರು. ಸಪ್ಲೈಯರ್‌ಗಳನ್ನು ಎಂಟು ಜನ ಮಾಡಿದರೆ ದೋಸೆ ಬೇಗ ಬೇಯುತ್ತದೆಯೇ? ಭಟ್ಟರ ಕೈ ಚುರುಕಾಗಿರಬೇಕು. ಹಾಗಾಗಿ ನೋಡಬೇಕಾದ್ದು ಒಂದು ಕೋರಿನ ವೇಗ.

ಭಟ್ಟರ ಭಾರ ಇಳಿಸುವ ದಾರಿಯೂ ಇದೆ. ವ್ಯೂ ಡಿಸ್ಟೆನ್ಸ್, ಅಂದರೆ ಆಟಗಾರನಿಗೆ ಎಷ್ಟು ದೂರದವರೆಗೆ ನೆಲ ಕಾಣಬೇಕು ಅನ್ನುವ ಸೆಟ್ಟಿಂಗ್, ಮೊದಲಿಗೆ 10 ಇರುತ್ತದೆ. ಅಂದರೆ ಒಬ್ಬ ಆಟಗಾರನ ಸುತ್ತ 21ಕ್ಕೆ 21, ಒಟ್ಟು 441 ತುಂಡು ನೆಲ. 6ಕ್ಕೆ ಇಳಿಸಿದರೆ 169. ಸರ್ವರ್‌ನ ಸೆಟ್ಟಿಂಗ್ ಫೈಲಿನಲ್ಲಿ ಒಂದೇ ಸಾಲು ತಿದ್ದಿದರೆ ಸಾಕು.

ಮುಂದಿನದು ವಿಳಾಸದ ತೊಂದರೆ. ಹೆಚ್ಚು ಜನ ಸೋಲುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ರೌಟರ್‌ನಲ್ಲಿ 25565 ಪೋರ್ಟ್, ಅಂದರೆ ಹೊರಗಿನವರು ಆಟದೊಳಗೆ ಬರುವ ದಾರಿ, ತೆರೆಯಿರಿ ಅಂತ ಎಲ್ಲ ವಿಡಿಯೋದಲ್ಲೂ ಹೇಳುತ್ತಾರೆ. ತೆರೆಯುತ್ತೀರಿ. ಗೆಳೆಯ ಬರಲಾರ. ಯಾಕೆ? ಇಂಟರ್ನೆಟ್ ಕಂಪನಿ ಎಷ್ಟೋ ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸಿರುತ್ತದೆ, ನೀವಿರುವುದು ವಠಾರದಲ್ಲಿ. ಹೊರಗಿನ ಬಾಗಿಲಿಗೆ ಒಂದೇ ನಂಬರ್, ಒಳಗೆ ನೂರಾರು ಮನೆ. ಪೋಸ್ಟ್‌ಮ್ಯಾನ್‌ಗೆ ನಿಮ್ಮ ಮನೆ ಯಾವುದು ಗೊತ್ತಿಲ್ಲ. ರೌಟರ್‌ನ ಹೊರಗಿನ ಐಪಿ, ಅಂದರೆ ಇಂಟರ್ನೆಟ್ ವಿಳಾಸ ನೋಡಿ. 100.64ರಿಂದ 100.127ರ ಒಳಗೆ ಶುರುವಾದರೆ ನೀವು ವಠಾರದವರೇ. ನಾನು ಎರಡು ರಾತ್ರಿ ರೌಟರ್ ತಿರುಗಿಸಿ ಮುರುಗಿಸಿ ನೋಡಿದ ಮೇಲೆ ಇದು ಗೊತ್ತಾಯಿತು.

ಇಂಟರ್ನೆಟ್ ಕೊಡುವವರ ಹತ್ತಿರ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ನಿಮ್ಮದೇ ವಿಳಾಸ ಕೇಳಬಹುದು, ತಿಂಗಳಿಗೆ ಅಷ್ಟಿಷ್ಟು ಕೊಡಬೇಕು. ಇಲ್ಲವೇ ದೂರದ ಕಂಪ್ಯೂಟರ್‌ಗಳನ್ನು ಖಾಸಗಿಯಾಗಿ ಜೋಡಿಸುವ ಟೇಲ್‌ಸ್ಕೇಲ್ ಥರದ ಸಾಫ್ಟ್‌ವೇರ್ ಹಾಕಿ. ಮೂರು ಮನೆಯ ಕಂಪ್ಯೂಟರ್‌ಗಳೂ ಒಂದೇ ಜಗುಲಿಯಲ್ಲಿ ಕೂತ ಹಾಗೆ ಆಗುತ್ತದೆ. ಪೋರ್ಟ್ ತೆರೆಯುವುದೇ ಬೇಡ. ನಾವು ಇದನ್ನೇ ಮಾಡಿದ್ದು.

ಕರೆಂಟ್. ಮಲೆನಾಡಿನ ಆಷಾಢ ನಿಮಗೆ ಗೊತ್ತು. ಸರ್ವರ್‌ಗೆ ಯುಪಿಎಸ್ ಹಾಕಿದ್ದೆ. ಮೊದಲ ಮಳೆಗೆ ಕರೆಂಟ್ ಹೋಯಿತು. ಸರ್ವರ್ ಓಡುತ್ತಲೇ ಇದೆ, ಮಕ್ಕಳೆಲ್ಲ ಹೊರಗೆ! ಫೈಬರ್ ಡಬ್ಬಿ, ರೌಟರ್ ಎರಡೂ ಗೋಡೆಯ ಪ್ಲಗ್‌ನಲ್ಲಿದ್ದವು. ಅವುಗಳಿಗೂ 12 ವೋಲ್ಟಿನ ಚಿಕ್ಕ ಯುಪಿಎಸ್ ಸಿಗುತ್ತದೆ, ಮರೆಯಬೇಡಿ. ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್‌ನಲ್ಲಿ, ಕರೆಂಟ್ ಬಂದಾಗ ತಾನೇ ಆನ್ ಆಗುವ ಹಾಗೆ ಮಾಡಿ. ಬಿಲ್ಲಿಗೆ ಹೆದರಬೇಡಿ. ಹಗಲೂ ರಾತ್ರಿ 20 ವಾಟ್ ಅಂದರೆ ತಿಂಗಳಿಗೆ 14.4 ಯೂನಿಟ್.

ಏನು, ಹತ್ತೇ ನಿಮಿಷ ಇದೆಯೇ? ಐದೇ? ಸರಿ.

ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ, ಅದರಲ್ಲಿ ಡೆಬಿಯನ್ ಸಾಕು. ವೈಫೈ ಬೇಡ, ಕೇಬಲ್ ಎಳೆಯಿರಿ. ಆಟಕ್ಕೆ 4 ಜಿಬಿ ರ‍್ಯಾಮ್ ಕೊಡಿ, ನಾಲ್ಕೈದು ಮಕ್ಕಳಿಗೆ ಸಾಲುತ್ತದೆ. ವೈಟ್‌ಲಿಸ್ಟ್ ಆನ್ ಮಾಡಿ, ಗುರುತಿನ ಮಕ್ಕಳು ಮಾತ್ರ ಬರಲಿ.

ಬ್ಯಾಕಪ್ ಬಗ್ಗೆ ಅರ್ಧ ಗಂಟೆ ಮಾತಾಡಬೇಕೆಂದಿದ್ದೆ. ಇಷ್ಟು ಕೇಳಿ. ಆಟ ನಡೆಯುವಾಗ ಸುಮ್ನೆ ಫೋಲ್ಡರ್ ಕಾಪಿ ಮಾಡಬೇಡಿ, ಅರ್ಧ ಬರೆದ ಫೈಲ್ ಸಿಗಬಹುದು. ಸರ್ವರ್‌ಗೆ ಈ ಆದೇಶ ಕೊಡಿ: ಮೊದಲು ಸೇವ್-ಆಫ್, ಆಮೇಲೆ ಸೇವ್-ಆಲ್, ಕಾಪಿ ಮುಗಿದ ಮೇಲೆ ಸೇವ್-ಆನ್. ಒಂದು ಪ್ರತಿ ಮನೆಯಿಂದ ಹೊರಗಿರಲಿ. ನಮ್ಮದು ಹುಬ್ಬಳ್ಳಿಯಲ್ಲಿದೆ, ಅಕ್ಕನ ಬೀರುವಿನಲ್ಲಿ, ಒಡವೆ ಡಬ್ಬಿಯ ಪಕ್ಕ.

ಹೊಸ ಜೋಗದಲ್ಲಿ ರಾಜ, ರೋರರ್, ರಾಕೆಟ್ ಮುಗಿದಿವೆ. ರಾಣಿಯನ್ನು ಮ್ಯೂನಿಕ್‌ನವಳೇ ಕಟ್ಟುತ್ತೇನೆ ಅಂತ ಹಿಡಿದುಕೊಂಡಿದ್ದಾಳೆ. ಈ ಜುಲೈನಲ್ಲಿ ಮಳೆಗಾಲಕ್ಕೇ ಬರುತ್ತಿದ್ದಾಳೆ, ನೋಡಿ ಆಮೇಲೆ ಕಟ್ಟುತ್ತಾಳಂತೆ.

ಯಂತ್ರದ ಮುಚ್ಚಳ ತೆಗೆದಿಟ್ಟಿದ್ದೇನೆ. ಕಾಫಿ ಹೊತ್ತಿಗೆ ಮಕ್ಕಳನ್ನು ಕರೆದುಕೊಂಡು ಬನ್ನಿ, ರ‍್ಯಾಮ್ ಬಿಚ್ಚಿ ಹಾಕುವುದನ್ನು ಅವರ ಕೈಯಲ್ಲೇ ಮಾಡಿಸೋಣ.